ಹಾಡಿನ ಪುಸ್ತಕ, ಸಾಲದ ಪುಸ್ತಕ

ಹಾಸನದವರು ಇದ್ದೀರಿ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದಿಂದ ಬೆಳಿಗ್ಗೆ ಮೊದಲ ಬಸ್ಸು ಹಿಡಿದು ಬಂದವರಿದ್ದೀರಿ. ಬೆಂಗಳೂರಲ್ಲಿ ಕೆಲಸ ಮಾಡಿಕೊಂಡು ರಜೆಗೆ ಊರಿಗೆ ಬಂದವರೂ ಇದ್ದೀರಿ. ದೇವರಿಗೆ ಸ್ತೋತ್ರ. ಸತ್ಯವೇದ ತೆಗೆಯಿರಿ. ಫೋನಲ್ಲಿ ತೆಗೆದರೂ ಪರವಾಗಿಲ್ಲ, ಮೆಸೇಜ್ ಮಾತ್ರ ನೋಡಬೇಡಿ. ಪೌಲನು ಫಿಲೆಮೋನನಿಗೆ ಬರೆದ ಪತ್ರ. ತೀತನಿಗೆ ಬರೆದದ್ದರ ನಂತರ, ಇಬ್ರಿಯರಿಗೆ ಬರೆದದ್ದಕ್ಕಿಂತ ಮುಂಚೆ. ಒಂದೇ ಅಧ್ಯಾಯ, 25 ವಚನ. ಎರಡು ಹಾಳೆ ಒಟ್ಟಿಗೆ ತಿರುಗಿಸಿದರೆ ತಪ್ಪಿ ಹೋಗುತ್ತದೆ. ನಮ್ಮ ಜೀವನದಲ್ಲಿಯೂ ಅದು ತಪ್ಪಿ ಹೋಗಿದೆ ಅಂತ ನನಗೆ ಅನಿಸುತ್ತದೆ.

ಹೋದ ತಿಂಗಳು ಒಬ್ಬ ತಮ್ಮ ನನ್ನನ್ನು ಕೇಳಿದ. "ಪಾಸ್ಟ್ರೇ, ನಾವು ಆತ್ಮಗಳನ್ನು ಗೆಲ್ಲಬೇಕಾ, ಸಮಾಜವನ್ನು ಸರಿ ಮಾಡಬೇಕಾ? ನಮ್ಮ ಆಫೀಸಿನಲ್ಲಿ ಸಾಮಾಜಿಕ ನ್ಯಾಯ ಅಂತ ಮಾತಾಡುವವರು ದೇವರ ಹೆಸರೆತ್ತಲ್ಲ. ನಮ್ಮ ಸಭೆಯಲ್ಲಿ ದೇವರ ಹೆಸರೆತ್ತುವವರು ಸಮಾಜದ ಮಾತೆತ್ತಲ್ಲ. ಯಾರು ಸರಿ?" ಒಳ್ಳೆ ಪ್ರಶ್ನೆ. ಆವತ್ತು ನಾನು ಏನೋ ಹೇಳಿ ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಇದೇ ಪ್ರಶ್ನೆಯನ್ನು ನನಗೆ ಇನ್ನೊಬ್ಬ ಹುಡುಗ ಮೂವತ್ತು ವರ್ಷಕ್ಕಿಂತ ಹಿಂದೆಯೇ ಕೇಳಿದ್ದ. ಬೇರೆ ಮಾತಿನಲ್ಲಿ ಕೇಳಿದ್ದ.

ನಮ್ಮದು ಅರಕಲಗೂಡು ಕಡೆ ಹಳ್ಳಿ. ಹೊಗೆಸೊಪ್ಪು ಬೆಳೆಯುತ್ತಿದ್ದ ಮನೆ. ನಮ್ಮಪ್ಪ ರಕ್ಷಣೆ ಹೊಂದಿ, ದೀಕ್ಷಾಸ್ನಾನ ತೆಗೆದುಕೊಂಡು, ಕುಡಿತ ಬಿಟ್ಟು, ಮನೆಯಲ್ಲೇ ಪ್ರಾರ್ಥನಾ ಕೂಟ ನಡೆಸುತ್ತಿದ್ದವರು. ಸುಳ್ಳು ಸಾಕ್ಷಿಯಲ್ಲ, ನಿಜವಾಗಿ ಬದಲಾಗಿದ್ದರು. ನಮ್ಮ ಮನೆಯ ಗೋಡೆಯಲ್ಲಿ ಒಂದು ಗೂಡು. ಅದರಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಒಂದು ಹಾಡಿನ ಪುಸ್ತಕ. ಇನ್ನೊಂದು ಕೆಂಪು ರಟ್ಟಿನ ಸಾಲದ ಪುಸ್ತಕ.

ಆ ಸಾಲದ ಪುಸ್ತಕದಲ್ಲಿ ಒಬ್ಬ ಕೂಲಿಯವನ ಹೆಸರಿನ ಮುಂದೆ ಎರಡು ಸಾವಿರ ರೂಪಾಯಿ ಅಂತ ಬರೆದಿತ್ತು. 1988ರಲ್ಲಿ. ಆ ಎರಡು ಸಾವಿರಕ್ಕೆ ಅವನ ಮಗ ನಮ್ಮ ಮನೆಯಲ್ಲಿದ್ದ. ಅವನಿಗೆ ಹನ್ನೆರಡು ವರ್ಷ, ನನಗೆ ಒಂಬತ್ತು. ಅವನ ಹೆಸರು ಹೇಳುವುದಿಲ್ಲ, ಹೇಳಲಾ ಅಂತ ಅವನನ್ನು ಕೇಳಿಲ್ಲ. ನಾನು ಅವನನ್ನು "ಲೋ" ಅಂತಿದ್ದೆ. ನನಗಿಂತ ಮೂರು ವರ್ಷ ದೊಡ್ಡವನು ನನ್ನನ್ನು "ಚಿಕ್ಕಯ್ನೋರೇ" ಅಂತಿದ್ದ. ದನ ಮೇಯಿಸುತ್ತಿದ್ದ, ಸೊಪ್ಪು ಬೇಯಿಸುವಾಗ ರಾತ್ರಿಯೆಲ್ಲಾ ಒಲೆಗೆ ಸೌದೆ ಹಾಕುತ್ತಿದ್ದ, ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಅವನ ಲೋಟ ಜಗುಲಿಯ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ನಾವು ಒಳಗೆ ಪ್ರಾರ್ಥನೆಗೆ ಕೂತರೆ ಅವನು ಬಾಗಿಲ ಹೊರಗೆ ಕೂತು ಹಾಡು ಕೇಳುತ್ತಿದ್ದ. ನನಗಿಂತ ಚೆನ್ನಾಗಿ ರಾಗ ಹಿಡಿಯುತ್ತಿದ್ದ.

ಒಂದು ರಾತ್ರಿ ಒಲೆಯ ಹತ್ತಿರ ಕೂತಿದ್ದಾಗ ಕೇಳಿದ. "ಚಿಕ್ಕಯ್ನೋರೇ, ನಿಮ್ ದೇವ್ರು ಸಾಲ ಎಲ್ಲಾ ತೀರ್ಸ್‌ಬುಟ್ಟ ಅಂತ ಹಾಡ್ತೀರಲ್ಲ. ನಮ್ಮಪ್ಪುಂದೂ ತೀರ್ಸಾನಾ?"

ನಾನು ನಕ್ಕೆ. ಅದು ಪಾಪದ ಸಾಲ ಕಣೋ, ದುಡ್ಡಿನ ಸಾಲ ಅಲ್ಲ ಅಂದೆ. ಒಂಬತ್ತು ವರ್ಷಕ್ಕೇ ನನಗೆ ಅಷ್ಟು ವೇದಾಂತ ಗೊತ್ತಿತ್ತು ನೋಡಿ.

ಈಗ ನಿಮ್ಮನ್ನು ಅಮೆರಿಕಕ್ಕೆ ಕರೆದುಕೊಂಡು ಹೋಗುತ್ತೇನೆ. ಯಾಕೆ ಅಂದರೆ, ನಮ್ಮ ಮನೆಯ ಗೂಡಿನಲ್ಲಿದ್ದ ಆ ಎರಡು ಪುಸ್ತಕ ಅಲ್ಲಿ ಒಂದು ಇಡೀ ದೇಶದ ಗೂಡಿನಲ್ಲಿದ್ದವು. ಇನ್ನೂ ಒಂದು ಕಾರಣ, ನಾವು ಹಾಡುವ ಎಷ್ಟೋ ಹಾಡು, ನಾವು ಉಜ್ಜೀವನ ಕೂಟ ನಡೆಸುವ ರೀತಿ, ಬಲಿಪೀಠದ ಮುಂದೆ ಬನ್ನಿ ಅಂತ ಕರೆಯುವ ಪದ್ಧತಿ, ಇವೆಲ್ಲದರ ಬೇರು ಹತ್ತೊಂಬತ್ತನೇ ಶತಮಾನದ ಆ ದೇಶದಲ್ಲಿದೆ. ಅಂದರೆ ಅವರು ನಮ್ಮ ಅಜ್ಜಂದಿರು. ಅಜ್ಜನ ಆಸ್ತಿ ಬೇಕು ಅಂದವರು ಅಜ್ಜನ ಸಾಲವನ್ನೂ ತಿಳಿದುಕೊಳ್ಳಬೇಕು.

1860ರ ಜನಗಣತಿಯ ಹೊತ್ತಿಗೆ ಅಲ್ಲಿ ಸುಮಾರು 40 ಲಕ್ಷ ಜನ ದಾಸರಾಗಿದ್ದರು. ಆಫ್ರಿಕಾದಿಂದ ಹಿಡಿದು ತಂದವರ ಮಕ್ಕಳು, ಮೊಮ್ಮಕ್ಕಳು. ಅದೇ ದೇಶದಲ್ಲಿ ಅದೇ ಕಾಲದಲ್ಲಿ ಉಜ್ಜೀವನದ ಮೇಲೆ ಉಜ್ಜೀವನ. ಚಾರ್ಲ್ಸ್ ಫಿನ್ನಿ ಅಂತ ಸುವಾರ್ತಿಕ, ಮೊದಲು ವಕೀಲ. ಸಾವಿರಾರು ಜನ ಅವನ ಪ್ರಸಂಗ ಕೇಳಿ ಅಳುತ್ತಾ ಮುಂದೆ ಬರುತ್ತಿದ್ದರು. ಅವನು 1830ರ ದಶಕದಲ್ಲಿ ನ್ಯೂಯಾರ್ಕ್‌ನಲ್ಲಿ ಒಂದು ಕೆಲಸ ಮಾಡಿದ. ದಾಸರನ್ನು ಇಟ್ಟುಕೊಂಡವರಿಗೆ ಕರ್ತನ ಭೋಜನ ಇಲ್ಲ ಅಂದುಬಿಟ್ಟ. ರಾಜಕೀಯ ಭಾಷಣ ಮಾಡಲಿಲ್ಲ. ಕುಡಿತ ಹೇಗೆ ಪಾಪವೋ, ವ್ಯಭಿಚಾರ ಹೇಗೆ ಪಾಪವೋ, ಇದೂ ಹಾಗೆ ಪಾಪ. ಪಾಪಕ್ಕೆ ಪಶ್ಚಾತ್ತಾಪ ಪಡಬೇಕು, ಇವತ್ತೇ ಪಡಬೇಕು. ಅಷ್ಟೇ ಅವನ ವಾದ. ಓಬರ್ಲಿನ್ ಅಂತ ಒಂದು ಕಾಲೇಜು, ಫಿನ್ನಿ ಅಲ್ಲಿ ಪಾಠ ಹೇಳಲು ಹೋದ. 1835ರಿಂದ ಅಲ್ಲಿ ಕಪ್ಪು ಜನರ ಮಕ್ಕಳಿಗೂ ಬಾಗಿಲು ತೆರೆದಿತ್ತು. 1837ರಲ್ಲಿ ಹುಡುಗಿಯರು ಹುಡುಗರ ಜೊತೆ ಪದವಿ ಓದಲು ಸೇರಿದರು. ತಂಗಿಯರೇ, ಅದು 1837. ಉಜ್ಜೀವನದ ಬೆಂಕಿ ಆ ಬಾಗಿಲುಗಳನ್ನು ತೆರೆಸಿತ್ತು. ಹಲ್ಲೆಲೂಯಾ ಅನ್ನಬಹುದು.

ಆದರೆ ಪೂರ್ತಿ ಅನ್ನಬೇಡಿ, ಸ್ವಲ್ಪ ಉಳಿಸಿಕೊಳ್ಳಿ. ಅದೇ ಫಿನ್ನಿಯ ನ್ಯೂಯಾರ್ಕ್ ಸಭೆಯಲ್ಲಿ ಕಪ್ಪು ಜನರು ಕೂರುವ ಜಾಗ ಬೇರೆ ಇತ್ತು. ಅವನ ಗೆಳೆಯರೇ ಅದಕ್ಕೆ ಜಗಳ ಆಡಿದರು, ಅವನು ಒಪ್ಪಲಿಲ್ಲ. ದಾಸ್ಯ ಪಾಪ ಅಂದವನಿಗೆ ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಷ್ಟವಾಯಿತು. ನನಗೆ ಇದನ್ನು ಓದಿದಾಗ ಸೂರಿನಲ್ಲಿ ಸಿಕ್ಕಿಸಿದ್ದ ಲೋಟ ಕಣ್ಣ ಮುಂದೆ ಬಂತು.

ಇನ್ನೊಂದು ಕಥೆ. ಮೆಥೊಡಿಸ್ಟರು ಅಮೆರಿಕದಲ್ಲಿ ಸಭೆಯಾಗಿ ಸ್ಥಾಪನೆಯಾದದ್ದು 1784ರಲ್ಲಿ. ಆವತ್ತೇ ನಿಯಮ ಮಾಡಿದರು, ಸದಸ್ಯರು ತಮ್ಮ ದಾಸರನ್ನು ಬಿಡುಗಡೆ ಮಾಡಬೇಕು ಅಂತ. ಎಷ್ಟು ದಿನ ನಿಂತಿತು ಆ ನಿಯಮ? ಮರುವರ್ಷವೇ ಅದನ್ನು ಪಕ್ಕಕ್ಕಿಟ್ಟರು. ಜನ ಬಿಟ್ಟು ಹೋಗುತ್ತಾರೆ, ಕಾಣಿಕೆ ಕಡಿಮೆಯಾಗುತ್ತದೆ, ಮೊದಲು ಆತ್ಮಗಳನ್ನು ಗೆಲ್ಲೋಣ, ಆಮೇಲೆ ನಿಧಾನವಾಗಿ ನೋಡೋಣ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಅರವತ್ತು ವರ್ಷ ಕಳೆಯಿತು. 1844ರಲ್ಲಿ ಅವರ ಒಬ್ಬ ಬಿಷಪ್ಪನೇ ದಾಸರ ಒಡೆಯ ಅನ್ನುವ ವಿಷಯಕ್ಕೆ ಸಭೆ ಎರಡಾಯಿತು. ಮರುವರ್ಷ ಬ್ಯಾಪ್ಟಿಸ್ಟರೂ ಎರಡಾದರು. 1861ರಲ್ಲಿ ದೇಶವೇ ಎರಡಾಗಿ ಯುದ್ಧಕ್ಕಿಳಿಯಿತು. ಆಮೇಲೆ ನೋಡೋಣ ಅಂದ ಪಾಪ ಕಾಯುತ್ತಾ ಕೂರುವುದಿಲ್ಲ, ಬಡ್ಡಿ ಹಾಕುತ್ತಾ ಬೆಳೆಯುತ್ತದೆ.

ಈಗ ನಮಗೆ ಬಹಳ ಹತ್ತಿರವಾದ ಒಂದು ಸಾಕ್ಷಿ. ಫ್ರೆಡರಿಕ್ ಡಗ್ಲಾಸ್. ದಾಸನಾಗಿ ಹುಟ್ಟಿ, ಕದ್ದುಮುಚ್ಚಿ ಓದು ಕಲಿತು, ತಪ್ಪಿಸಿಕೊಂಡು ಹೋಗಿ, 1845ರಲ್ಲಿ ತನ್ನ ಕಥೆ ಬರೆದ. ಅವನ ಒಡೆಯ ಥಾಮಸ್ ಆಲ್ಡ್ 1832ರಲ್ಲಿ ಒಂದು ಉಜ್ಜೀವನ ಕೂಟಕ್ಕೆ ಹೋಗಿ ಮಾನಸಾಂತರ ಹೊಂದಿದ. ಡಗ್ಲಾಸನಿಗೆ ಆಸೆ ಹುಟ್ಟಿತು. ದೇವರು ಮುಟ್ಟಿದ್ದಾನೆ, ಇನ್ನು ನಮ್ಮನ್ನು ಬಿಡುತ್ತಾನೆ. ಬಿಡದಿದ್ದರೂ ಸ್ವಲ್ಪ ಕರುಣೆ ಬರುತ್ತದೆ. ಎರಡೂ ಆಗಲಿಲ್ಲ. ಒಡೆಯ ಮನೆಯಲ್ಲಿ ಬೆಳಿಗ್ಗೆ ಸಂಜೆ ಪ್ರಾರ್ಥನೆ ಮಾಡಿದ, ಬೋಧಕರಿಗೆ ಊಟ ಹಾಕಿದ, ಕೂಟಗಳಲ್ಲಿ ಮುಂದಾಳಾದ. ಚಾಟಿ ಹಾಗೆಯೇ ಇತ್ತು. ಮೊದಲಿಗಿಂತ ಕ್ರೂರನಾದ ಅಂತ ಡಗ್ಲಾಸ್ ಬರೆಯುತ್ತಾನೆ, ಯಾಕೆಂದರೆ ಈಗ ತನ್ನ ಕ್ರೌರ್ಯಕ್ಕೆ ವಚನದ ಆಧಾರ ಸಿಕ್ಕಿತ್ತು.

ದೇವಜನರೇ, ನನ್ನನ್ನು ಎಬ್ಬಿಸಿ ಕೂರಿಸಿದ ಕಥೆ ಇದು. ಒಬ್ಬ ದಾಸ ತನ್ನ ಒಡೆಯನ ಮಾನಸಾಂತರವನ್ನು ನೋಡುತ್ತಾ ನಿಂತಿದ್ದಾನೆ, ಇದು ನನ್ನ ತನಕ ಬರುತ್ತದಾ ಅಂತ. ಅವನ ಕಣ್ಣಿನಲ್ಲಿ ಆ ಉಜ್ಜೀವನದ ಪರೀಕ್ಷೆ ನಡೆಯುತ್ತಿದೆ. ಹೊರಗೆ ಕೂತು ಹಾಡು ಕೇಳುವವನು ಒಳಗಿನವರನ್ನು ಅಳೆಯುತ್ತಿರುತ್ತಾನೆ.

ಈಗ ಫಿಲೆಮೋನನ ಪತ್ರಕ್ಕೆ ಬನ್ನಿ. ಒನೇಸಿಮ ಫಿಲೆಮೋನನ ದಾಸ, ಅವನನ್ನು ಬಿಟ್ಟು ಹೋಗಿದ್ದವನು, ಪೌಲನ ಸೆರೆಯಲ್ಲಿ ಕರ್ತನನ್ನು ಕಂಡುಕೊಂಡ. ಪೌಲ ಅವನನ್ನು ಈ ಪತ್ರ ಕೊಟ್ಟು ವಾಪಸ್ ಕಳಿಸುತ್ತಾನೆ. ದಾಸರ ಒಡೆಯರಿಗೆ ಇದು ಬಹಳ ಇಷ್ಟದ ಪತ್ರವಾಗಿತ್ತು. ನೋಡಿ, ಪೌಲನೇ ಓಡಿಹೋದವನನ್ನು ವಾಪಸ್ ಕಳಿಸಿದ ಅಂತ. 1830ರ ದಶಕದಲ್ಲಿ ಜಾರ್ಜಿಯಾದಲ್ಲಿ ಚಾರ್ಲ್ಸ್ ಕೋಲ್ಕಾಕ್ ಜೋನ್ಸ್ ಅನ್ನುವ ಬೋಧಕ ದಾಸರಿಗೇ ಈ ಪತ್ರದ ಮೇಲೆ ಪ್ರಸಂಗ ಮಾಡಿದ, ಓಡಿಹೋಗಬಾರದು ಅಂತ. ಪ್ರಸಂಗದ ಮಧ್ಯದಲ್ಲೇ ಅರ್ಧ ಜನ ಎದ್ದು ಹೋದರು. ಅಂಥ ಪತ್ರ ಸತ್ಯವೇದದಲ್ಲೇ ಇಲ್ಲ ಅಂತ ಕೆಲವರು ಅವನ ಮುಖಕ್ಕೇ ಹೇಳಿದರು. ಓದು ಬರದವರು ಅವರು. ಆದರೆ ತಮಗೆ ಓದಿ ಹೇಳಿದ್ದು ದೇವರ ಸ್ವರ ಹೌದೋ ಅಲ್ಲವೋ ಅಂತ ಅವರಿಗೆ ಗೊತ್ತಾಯಿತು.

ಪ್ರಾಮಾಣಿಕವಾಗಿ ಹೇಳುತ್ತೇನೆ, ಪೌಲ ಈ ಪತ್ರದಲ್ಲಿ ಬಿಡುಗಡೆ ಮಾಡು ಅಂತ ನೇರ ಆಜ್ಞೆ ಕೊಡುವುದಿಲ್ಲ. ನನಗೂ ಅದು ಮುಳ್ಳಿನ ಹಾಗೆ ಚುಚ್ಚುತ್ತದೆ. ಆದರೆ ಅವನು ಬರೆದಿರುವುದನ್ನು ಪೂರ್ತಿ ಓದಿ. 16ನೇ ವಚನದಲ್ಲಿ, ಅವನನ್ನು ಇನ್ನು ದಾಸನ ಹಾಗೆ ನೋಡಬೇಡ, ಸಹೋದರನ ಹಾಗೆ ಸೇರಿಸಿಕೋ ಅನ್ನುತ್ತಾನೆ. ಎಲ್ಲಿ ಸಹೋದರ? ಸಭೆಯಲ್ಲಿ ಮಾತ್ರವಾ? ಕರ್ತನಲ್ಲಿಯೂ ಹೌದು, ಶರೀರದ ಸಂಬಂಧದಲ್ಲಿಯೂ ಹೌದು. ಶರೀರ ಅಂದರೆ ಊಟ, ಹಾಸಿಗೆ, ಲೋಟ, ಕೂಲಿ. 18ನೇ ವಚನದಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಅವನು ನಿನಗೆ ಕೊಡಬೇಕಾದ್ದು ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಅನ್ನುತ್ತಾನೆ. 19ರಲ್ಲಿ ತನ್ನ ಸ್ವಂತ ಕೈಯಿಂದ ಬರೆದುಕೊಡುತ್ತಾನೆ. ಇಡೀ ಹೊಸ ಒಡಂಬಡಿಕೆಯಲ್ಲಿ ಅಪೊಸ್ತಲನೊಬ್ಬ ಸಾಲದ ಪುಸ್ತಕಕ್ಕೆ ಕೈ ಹಾಕುವುದು ಇಲ್ಲಿ. ಆತ್ಮ ಗೆದ್ದಾಯಿತು, ಕೆಲಸ ಮುಗಿಯಿತು ಅಂತ ಪೌಲ ಕೂರಲಿಲ್ಲ. ಗೆದ್ದ ಆತ್ಮದ ಬೆನ್ನ ಮೇಲೆ ಯಾವ ಸಾಲ ಇದೆ ಅಂತ ಕೇಳಿದ.

ಆವತ್ತು ಒಲೆಯ ಹತ್ತಿರ ಆ ಹುಡುಗ ಕೇಳಿದ್ದು ಇದನ್ನೇ. ನಾನು ನಕ್ಕಿದ್ದು ಪೌಲನನ್ನು ನೋಡಿ.

ಅಮೆರಿಕದಲ್ಲಿ 1865ರ ಡಿಸೆಂಬರ್‌ನಲ್ಲಿ ಸಂವಿಧಾನದ ಹದಿಮೂರನೇ ತಿದ್ದುಪಡಿ ಬಂತು, ದಾಸ್ಯ ಹೋಯಿತು. ಆದರೆ ಬಿಡುಗಡೆಯಾದವರಿಗೆ ಭೂಮಿ ಇಲ್ಲ. ಹಳೇ ಒಡೆಯನ ಹೊಲದಲ್ಲೇ ಪಾಲಿಗೆ ದುಡಿದರು, ಅವನ ಅಂಗಡಿಯಲ್ಲೇ ಉದ್ದರಿ ತಂದರು, ವರ್ಷದ ಕೊನೆಗೆ ಲೆಕ್ಕ ನೋಡಿದರೆ ಸಾಲ ಬೆಳೆದಿರುತ್ತಿತ್ತು. ಸರಪಳಿ ಹೋಗಿ ಪುಸ್ತಕ ಬಂತು. ಇದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ದೇಶದಲ್ಲಿ 1843ರಲ್ಲೇ ಬ್ರಿಟಿಷರ ಕಾಲದ ಕಾನೂನು ಕೋರ್ಟುಗಳಲ್ಲಿ ದಾಸ್ಯಕ್ಕೆ ಮಾನ್ಯತೆ ಇಲ್ಲ ಅಂದಿತು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾನೂನು ಬಂತು. ಜೀತದ ಸಾಲ ತೀರಿಸಬೇಕಾಗಿಲ್ಲ, ಆ ಸಾಲವೇ ರದ್ದು ಅಂತ ಆ ಕಾನೂನು ಹೇಳುತ್ತದೆ. ಜೀತಕ್ಕೆ ಇಟ್ಟುಕೊಂಡವರಿಗೆ ಮೂರು ವರ್ಷದವರೆಗೆ ಜೈಲು. ನಮ್ಮಪ್ಪ ಆ ಹುಡುಗನನ್ನು ಇಟ್ಟುಕೊಂಡದ್ದು ಕಾನೂನು ಬಂದು ಹನ್ನೆರಡು ವರ್ಷ ಆದ ಮೇಲೆ. ಊರಿನಲ್ಲಿ ಯಾರೂ ಅದನ್ನು ಜೀತ ಅನ್ನಲಿಲ್ಲ. "ಆಳು ಇಟ್ಕೊಂಡವ್ರೆ" ಅಂತಿದ್ದರು. ನಮ್ಮಪ್ಪನನ್ನು ಕೇಳಿದ್ದರೆ "ಊಟ ಬಟ್ಟೆ ಕೊಡ್ತಿಲ್ವಾ? ನಾವಿಲ್ದಿದ್ರೆ ಅವ್ರ ಮನೇಲಿ ಹಸ್ಕೊಂಡು ಸಾಯ್ತಿದ್ರು" ಅನ್ನುತ್ತಿದ್ದರು. ಅಮೆರಿಕದ ದಕ್ಷಿಣದ ಒಡೆಯರೂ ಇದನ್ನೇ ಹೇಳುತ್ತಿದ್ದರು. ನಾವು ಸಾಕುತ್ತಿದ್ದೇವೆ ಅಂತ. ಸಾಕುವವನು ಬಾಗಿಲು ತೆರೆದಿಡಲಿ, ಯಾರು ಯಾರನ್ನು ಸಾಕುತ್ತಿದ್ದರು ಅಂತ ಆಗ ಗೊತ್ತಾಗುತ್ತದೆ.

ಅದು ಹಳೇ ಕಾಲ ಅಂದುಕೊಳ್ಳಬೇಡಿ. 2018ರ ಡಿಸೆಂಬರ್‌ನಲ್ಲಿ, ನಮ್ಮ ಹಾಸನದ ಹತ್ತಿರವೇ ಒಂದು ಶೆಡ್ಡಿನಲ್ಲಿ ಕೂಡಿಹಾಕಿದ್ದ 52 ಜನರನ್ನು ಪೊಲೀಸರು ಬಿಡಿಸಿದರು. ಪತ್ರಿಕೆಗಳಲ್ಲಿ ಬಂದ ಸುದ್ದಿ. ಆ ವಾರ ನಾನು ಕ್ರಿಸ್ಮಸ್ ಪ್ರಸಂಗ ತಯಾರು ಮಾಡುತ್ತಿದ್ದೆ, ಬಿಡುಗಡೆಯ ಬಗ್ಗೆಯೇ. ಪ್ರಸಂಗದಲ್ಲಿ ಆ 52 ಜನರ ಬಗ್ಗೆ ಒಂದು ಮಾತು ಇರಲಿಲ್ಲ.

ಈಗ ಕೆಲವರ ಮನಸ್ಸಿನಲ್ಲಿ ಒಂದು ಭಯ ಇದೆ, ಅದು ನನಗೆ ಗೊತ್ತು. ಈ ದಾರಿ ಹಿಡಿದರೆ ಪ್ರಾರ್ಥನೆ ತಣ್ಣಗಾಗುತ್ತದೆ, ಅಭಿಷೇಕ ಹೋಗುತ್ತದೆ, ಸಭೆ ಒಂದು ಎನ್‌ಜಿಒ ಆಗುತ್ತದೆ ಅಂತ. ಆ ಭಯಕ್ಕೆ ಉತ್ತರ ಹೇಳಲು ನಮ್ಮ ಘಟ್ಟದ ಒಬ್ಬ ಹೆಣ್ಣುಮಗಳನ್ನು ಕರೆಯುತ್ತೇನೆ.

ಪಂಡಿತಾ ರಮಾಬಾಯಿ. 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ ಹುಟ್ಟಿದವರು. ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಸ್ವಂತ ಜನರ ವಿರೋಧ ಕಟ್ಟಿಕೊಂಡವರು. ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ಸತ್ತರು. ರಮಾಬಾಯಿ ಅಣ್ಣನ ಜೊತೆ ದೇಶ ಸುತ್ತಿ, 1878ರಲ್ಲಿ ಕಲ್ಕತ್ತದಲ್ಲಿ ಪಂಡಿತಾ ಅನ್ನಿಸಿಕೊಂಡರು. ಮದುವೆಯಾಗಿ ಎರಡು ವರ್ಷ ತುಂಬುವ ಮೊದಲೇ ವಿಧವೆಯಾದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. 1886ರಲ್ಲಿ ಅಮೆರಿಕಕ್ಕೆ ಹೋದರು. ಎರಡು ವರ್ಷಕ್ಕೂ ಹೆಚ್ಚು ಅಲ್ಲಿದ್ದರು. ದಾಸ್ಯದ ವಿರುದ್ಧ ಹೋರಾಡಿದವರು, ಹೆಂಗಸರ ಹಕ್ಕಿಗೆ ಹೋರಾಡಿದವರು ಇನ್ನೂ ಬದುಕಿದ್ದ ಕಾಲ. ಮದ್ಯಪಾನ ವಿರೋಧಿ ಚಳವಳಿಯ ಫ್ರಾನ್ಸೆಸ್ ವಿಲ್ಲರ್ಡ್ ಅವರಿಗೆ ಸ್ನೇಹಿತೆಯಾದರು. ಅಮೆರಿಕದ ಬಗ್ಗೆ ಅವರು ಮರಾಠಿಯಲ್ಲಿ ಒಂದು ಪುಸ್ತಕವನ್ನೇ ಬರೆದರು. ವಾಪಸ್ ಬಂದು 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆರೆದರು. 1896ರಲ್ಲಿ ಬರ ಬಂದಾಗ ಎತ್ತಿನ ಗಾಡಿ, ರೈಲು ಏನು ಸಿಕ್ಕಿತೋ ಅದರಲ್ಲಿ ಹಸಿದ ಹೆಣ್ಣುಮಕ್ಕಳನ್ನು ಕರೆತಂದು ಪುಣೆಯ ಹತ್ತಿರ ಕೇಡಗಾವಿಯಲ್ಲಿ ಮುಕ್ತಿ ಅನ್ನುವ ಆಶ್ರಮ ಕಟ್ಟಿದರು. ನೂರಾರು ಜನ. ಓದು, ಹೊಲಿಗೆ, ನೇಯ್ಗೆ, ಅಚ್ಚುಮೊಳೆ ಜೋಡಿಸುವುದು, ತೋಟದ ಕೆಲಸ. 1912ರಲ್ಲಿ ನಮ್ಮ ಕಲಬುರಗಿಯಲ್ಲೂ ಶಾಲೆ ತೆರೆದರು.

ಈಗ ಗಮನಿಸಿ ಕೇಳಿ. 1905ರ ಜೂನ್‌ನಲ್ಲಿ ಆ ಮುಕ್ತಿಯಲ್ಲಿ ಪವಿತ್ರಾತ್ಮನು ಇಳಿದು ಬಂದನು. ಹುಡುಗಿಯರು ರಾತ್ರಿಯೆಲ್ಲಾ ಪ್ರಾರ್ಥಿಸಿದರು, ಅತ್ತರು, ಅನ್ಯಭಾಷೆಗಳಲ್ಲಿ ಮಾತಾಡಿದರು. ನಮ್ಮ ದೇಶದ ಪೆಂತೆಕೊಸ್ತಿನ ಚರಿತ್ರೆ ಹೇಳುವವರು ಮುಕ್ತಿಯನ್ನು ಬಿಟ್ಟು ಹೇಳಲಾರರು. ಮರುವರ್ಷ, 1906ರ ಏಪ್ರಿಲ್‌ನಲ್ಲಿ, ಲಾಸ್ ಏಂಜಲಿಸ್‌ನ ಅಜುಸಾ ಬೀದಿಯಲ್ಲಿ ಅದೇ ಬೆಂಕಿ. ಅಲ್ಲಿ ಮುಂದೆ ನಿಂತವನು ವಿಲಿಯಂ ಸೇಮೂರ್. ಅವನ ತಂದೆ ತಾಯಿ ದಾಸರಾಗಿದ್ದವರು. ಬೆಂಕಿ ಬಿದ್ದ ಜಾಗ ನೋಡಿ. ಒಂದು ಕಡೆ ಬರದಿಂದ ಎತ್ತಿ ತಂದ ಹೆಣ್ಣುಮಕ್ಕಳ ನಡುವೆ, ಇನ್ನೊಂದು ಕಡೆ ದಾಸರ ಮಗನ ಕೂಟದಲ್ಲಿ. ರಮಾಬಾಯಿಯ ಪ್ರಾರ್ಥನೆ ತಣ್ಣಗಾಗಿತ್ತಾ? ಹಸಿದವರಿಗೆ ಗಂಜಿ ಕಾಯಿಸಿದ ಮನೆಯಲ್ಲೇ ಅಭಿಷೇಕ ಬಂತು. ಹಾಗಾಗಿ ಆತ್ಮವಾ, ಸಮಾಜವಾ ಅಂತ ಕೇಳಿದ ತಮ್ಮನಿಗೆ ಇವತ್ತು ಹೇಳುತ್ತೇನೆ. ಆ ಪ್ರಶ್ನೆ ಹುಟ್ಟುವುದು ಬಾಗಿಲ ಒಳಗೆ ಕೂತವರಿಗೆ ಮಾತ್ರ. ಹೊರಗೆ ಕೂತವನಿಗೆ ಅದು ಒಂದೇ ಸಾಲ, ಒಂದೇ ಬಿಡುಗಡೆ.

ನೀವು ಯಾರೂ ದಾಸರ ಒಡೆಯರಲ್ಲ. ಆದರೆ ನಿಮ್ಮ ಮನೆಯ ಶುಂಠಿ ಹೊಲಕ್ಕೆ ಬೇರೆ ಜಿಲ್ಲೆಯಿಂದ ಬಂದ ಕುಟುಂಬಕ್ಕೆ ಎಷ್ಟು ಅಡ್ವಾನ್ಸ್ ಕೊಟ್ಟಿದ್ದೀರಿ? ಅವರು ನಾಳೆ ಹೋಗುತ್ತೇವೆ ಅಂದರೆ ಹೋಗಬಹುದಾ? ನಿಮ್ಮ ತೆಂಗಿನ ತೋಟ ಕಾಯುವವನ ಮಗ ಸ್ಕೂಲಿಗೆ ಹೋಗುತ್ತಿದ್ದಾನಾ? ಬೆಂಗಳೂರಿನಲ್ಲಿ ನಿಮ್ಮ ರೂಮು ಗುಡಿಸುವ ಅಕ್ಕನ ಸಂಬಳದಲ್ಲಿ ಹಳೇ ಸಾಲ ಅಂತ ತಿಂಗಳು ತಿಂಗಳು ಹಿಡಿಯುತ್ತಿರುವವರು ಯಾರು? ಆ ಅಕ್ಕನ ಲೋಟ ಎಲ್ಲಿದೆ? ಈ ವಾರ ಒಂದು ಕೆಲಸ ಮಾಡಿ. ಮನೆಗೆ ಹೋಗಿ ಸಾಲದ ಪುಸ್ತಕ ನೋಡಿ. ಈಗ ಅದು ಫೋನಿನಲ್ಲಿರಬಹುದು, ನೋಡಿ. ಅಪ್ಪ ಅಮ್ಮನ ಹತ್ತಿರ ಜಗಳ ಬೇಡ, ಗೌರವದಿಂದ ಕೇಳಿ. ಆದರೆ ಕೇಳಿ. ಯಾರನ್ನಾದರೂ ಸಾಲಕ್ಕೆ ಹಿಡಿದಿಟ್ಟಿರುವುದು ಕಂಡರೆ ತಹಶೀಲ್ದಾರ್ ಕಚೇರಿಗೋ ಉಪವಿಭಾಗಾಧಿಕಾರಿ ಕಚೇರಿಗೋ ಹೋಗಿ ಹೇಳಿ. ಅದೂ ಒಂದು ಸಾಕ್ಷಿಯೇ.

ಕೊನೆಯದಾಗಿ, ಆ ಹುಡುಗನ ಕಥೆ. ನಾಲ್ಕು ವರ್ಷ ದುಡಿದು, ಒಂದು ರಾತ್ರಿ ಹೇಳದೆ ಕೇಳದೆ ಹೋದ. ನಮ್ಮಪ್ಪ ಅವನಪ್ಪನ ಹೆಸರಿನ ಮುಂದೆ ಬಡ್ಡಿ ಬರೆಯುತ್ತಾ ಹೋದರು. ನಮ್ಮಪ್ಪ ಕರ್ತನಲ್ಲಿ ನಿದ್ರೆಹೋದರು. ಅವರ ಟ್ರಂಕಿನಲ್ಲಿ ಎರಡೂ ಪುಸ್ತಕ ಸಿಕ್ಕವು. ಡಗ್ಲಾಸನ ಕಥೆ ಓದಿದ ವರ್ಷ ನಾನು ಅವನನ್ನು ಹುಡುಕಿಕೊಂಡು ಹೋದೆ. ಹೊಳೆನರಸೀಪುರದಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದ. ಬಸ್ ಸ್ಟ್ಯಾಂಡ್ ಹತ್ತಿರ ಟೀ ಅಂಗಡಿಯಲ್ಲಿ ಕೂತೆವು, ಒಂದೇ ಥರದ ಎರಡು ಲೋಟ. ಕೆಂಪು ಪುಸ್ತಕ ಅವನ ಮುಂದೆ ಇಟ್ಟೆ. ಅವನಪ್ಪನ ಹೆಸರಿದ್ದ ಹಾಳೆಯನ್ನು ಅವನ ಕೈಯಲ್ಲೇ ಹರಿಸಿದೆ. ನಾಲ್ಕು ವರ್ಷದ ಕೂಲಿ ಲೆಕ್ಕ ಹಾಕಿ ತಂದಿದ್ದೆ. ಜಕ್ಕಾಯ ನಾಲ್ಕರಷ್ಟು ಕೊಟ್ಟ, ನಾನು ಅಷ್ಟು ಕೊಡಲಾಗಲಿಲ್ಲ. ಅವನು ಬೇಡ ಅನ್ನಲಿಲ್ಲ. ಎಣಿಸಿ ತೆಗೆದುಕೊಂಡ. ಅದು ಅವನದೇ ದುಡ್ಡು.

ಸಭೆಗೆ ಬಾ ಅಂತ ಕರೆಯಲು ನನಗೆ ಬಾಯಿ ಬರಲಿಲ್ಲ. ಎದ್ದು ಹೋಗುವಾಗ ಅವನೇ ಕೇಳಿದ. "ಆ ಹಾಡು ಇನ್ನೂ ಹಾಡ್ತೀರಾ?" ಹೂಂ ಅಂದೆ. ತಲೆ ಆಡಿಸಿ ಗಾಡಿ ಹತ್ತಿದ.

ಪ್ರಾರ್ಥಿಸೋಣ. ಕಣ್ಣು ಮುಚ್ಚಿ. ತಂದೆಯೇ, ನಮ್ಮ ಸಾಲವನ್ನು ನೀನು ನಿನ್ನ ಲೆಕ್ಕಕ್ಕೆ ಹಾಕಿಕೊಂಡಿದ್ದೀ, ಸ್ತೋತ್ರ. ನಮ್ಮ ಕೈಯಲ್ಲಿರುವ ಪುಸ್ತಕಗಳನ್ನು ನಿನ್ನ ಮುಂದೆ ತೆರೆದಿಡುತ್ತೇವೆ. ಯಾರ ಹೆಸರು ಹೊಡೆಯಬೇಕೋ ತೋರಿಸು. ಹೊಡೆಯಲು ಧೈರ್ಯ ಕೊಡು. ನಮ್ಮ ಬಾಗಿಲ ಹೊರಗೆ ಕೂತಿರುವವರ ಕಿವಿಗೆ ನಮ್ಮ ಹಾಡು ಸುಳ್ಳಾಗದಿರಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.